ಬಾಡಿಗೆ ಮನೆಗೆ ಸ್ಮಾರ್ಟ್ ಹೋಮ್ ಯಾಕೆ ಬೇಡ?

"ಬಾಡಿಗೆ ಮನೆಗೆ ಯಾಕೆ ಮಾರಾಯ ಈ ಸ್ಮಾರ್ಟ್ ಹೋಮ್? ಸ್ವಂತ ಮನೆ ಆದ ಮೇಲೆ ನೋಡಿದರಾಯಿತು." ನಮ್ಮವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವ ಎಷ್ಟೋ ಮಂದಿ ಬೆಂಗಳೂರು, ದುಬೈ ಎಂದು ಇಪ್ಪತ್ತು ವರ್ಷದಿಂದ ಬಾಡಿಗೆ ಮನೆಯಲ್ಲೇ ಇದ್ದಾರೆ. ಊರಲ್ಲಿ ಕಟ್ಟಿಸಿದ ದೊಡ್ಡ ಮನೆಗೆ ಬೀಗ. ದಿನಾ ಮಲಗಿ ಏಳುವ ಮನೆಯಲ್ಲಿ ಮಾತ್ರ ರಾತ್ರಿ ಬಚ್ಚಲಿಗೆ ಹೋಗಲು ಉಮ್ಮ ಗೋಡೆ ತಡಕಬೇಕು. ಇದು ಯಾವ ಲೆಕ್ಕ?

ನಾನು ಅಂಗಡಿಯವನ ಮಗ, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಈಗ ಇರುವುದು ಕಲ್ಯಾಣದುರ್ಗದ ಹತ್ತಿರದ ಕಂಬದೂರಿನಲ್ಲಿ, ಬಾಡಿಗೆಗೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ. ಈ ಅನಂತಪುರ ಜಿಲ್ಲೆಯಲ್ಲಿ ಸುಮಾರು 550. ಇಂಥ ಕಡೆ ಟ್ಯಾಂಕ್ ತುಂಬಿ ನೀರು ಚರಂಡಿಗೆ ಹರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ತಡೆಯಲು ಸ್ವಂತ ಮನೆ ಆಗುವವರೆಗೆ ಕಾಯಬೇಕೇ?

ಹಾಗಂತ ಶೋರೂಮಿನವರು ಮಾರುವುದನ್ನು ನಾನು ಹೊಗಳುತ್ತಿಲ್ಲ. ಅವರದು ಇನ್ನೊಂದು ಅತಿರೇಕ. ಸ್ವಿಚ್‌ಬೋರ್ಡ್ ಎಲ್ಲ ಕಿತ್ತು ಹೊಸದು ಹಾಕಬೇಕು, ಲೈಟ್ ಹಾಕಲು ಆಪ್ ಬೇಕು, ಆಪ್‌ಗೆ ದೂರದ ಯಾವುದೋ ಸರ್ವರ್ ಬೇಕು. ಆ ಸರ್ವರ್ ನಿಂತರೆ? ಗೂಗಲ್ ಬಳಗದ ನೆಸ್ಟ್ ಕಂಪನಿ ರಿವಾಲ್ವ್ ಎಂಬ ಹಬ್ ಅನ್ನು 2016ರ ಮೇ 15ಕ್ಕೆ ಬಂದ್ ಮಾಡಿತು. ಜನ 300 ಡಾಲರ್ ಕೊಟ್ಟು ಕೊಂಡ ಪೆಟ್ಟಿಗೆ ಕೆಲಸಕ್ಕೆ ಬಾರದಂತಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಅಮೆರಿಕದ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತವು. ಹಣ ಕೊಟ್ಟು ಕೊಂಡ ವಸ್ತು ಇನ್ನೊಬ್ಬರ ಹಿಡಿತದಲ್ಲಿದ್ದರೆ ಅದೂ ಬಾಡಿಗೆಯೇ ಅಲ್ಲವೇ?

ಹಾಗಾಗಿ ನನ್ನದು ಮೂರೇ ಪ್ರಶ್ನೆ. ನೆಟ್ ಹೋದರೂ ಅದು ನಡೆಯುತ್ತದೆಯೇ? ಫೋನ್ ಮುಟ್ಟದ ಉಮ್ಮನೂ ಅದನ್ನು ಬಳಸಬಹುದೇ? ಮನೆ ಬಿಡುವಾಗ ಗುರುತು ಉಳಿಯದಂತೆ ಬಿಚ್ಚಿಕೊಂಡು ಹೋಗಬಹುದೇ? ಮೂರಕ್ಕೂ ಹೌದು ಎಂದರೆ ಕೊಳ್ಳಿ. ಒಂದಕ್ಕೆ ಇಲ್ಲ ಎಂದರೂ ಬೇಡ.

ನಮ್ಮ ಮನೆಯಲ್ಲಿ ಇರುವುದು ಇಷ್ಟು. ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ನೀರು ತಾಗಿದರೆ ಕೂಗುವ ಬ್ಯಾಟರಿ ಅಲಾರಂ. ಬಚ್ಚಲ ದಾರಿಯಲ್ಲಿ ಯಾರಾದರೂ ನಡೆದರೆ ತಾನೇ ಹೊತ್ತಿಕೊಳ್ಳುವ ಎರಡು ದೀಪ, ಅಂಟುಪಟ್ಟಿಯಲ್ಲಿ ಅಂಟಿಸಿದ್ದು. ಗೀಸರ್‌ಗೆ 16 ಆಂಪಿಯರ್ ಸ್ಮಾರ್ಟ್ ಪ್ಲಗ್. ಅದರ ಮೈಮೇಲೆ ಒತ್ತುವ ಬಟನ್ ಇದೆ, ಅರ್ಧ ಗಂಟೆಗೆ ತಾನೇ ಆಫ್ ಆಗುತ್ತದೆ. ಎಲ್ಲ ಸೇರಿ ಮೂರು ಸಾವಿರ ರೂಪಾಯಿಯೊಳಗೆ. ಆಮೇಲೆ ಒಂದು ಬಿಎಲ್‌ಡಿಸಿ ಫ್ಯಾನ್. ಹಳೆಯದು 75 ವ್ಯಾಟ್ ತಿನ್ನುತ್ತಿದ್ದರೆ ಇದಕ್ಕೆ 30 ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಮಾಲೀಕರ ಫ್ಯಾನ್ ಅಟ್ಟದ ಮೇಲಿದೆ, ಹೋಗುವಾಗ ಅದನ್ನೇ ತೂಗುಹಾಕಿದರಾಯಿತು.

ಇನ್ನು ಯೂಟ್ಯೂಬ್ ನೋಡಿ ಹೊರಡುವವರಿಗೆ ಎರಡು ಮಾತು. ನೀರಿನ ಮೋಟಾರನ್ನು ಸ್ಮಾರ್ಟ್ ಪ್ಲಗ್‌ಗೆ ಸಿಕ್ಕಿಸಬೇಡಿ. ಅರ್ಧ ಎಚ್‌ಪಿ ಎಂದರೆ 373 ವ್ಯಾಟ್ ತಾನೇ ಎನ್ನಬೇಡಿ; ಶುರುವಾಗುವ ಕ್ಷಣ ಮೋಟಾರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಪ್ಲಗ್‌ನೊಳಗಿನ ರಿಲೇ ಬೆಸುಗೆ ಹಾಕಿದಂತೆ ಅಂಟಿಕೊಳ್ಳಬಹುದು. ಆಮೇಲೆ ಆಪ್‌ನಲ್ಲಿ ಆಫ್ ಎಂದಿದ್ದರೂ ಮೋಟಾರ್ ಓಡುತ್ತಲೇ ಇರುತ್ತದೆ. ಎರಡನೆಯದು, ಕರೆಂಟ್ ಹೋಗಿ ಬಂದರೆ ಹೆಚ್ಚಿನ ಪ್ಲಗ್‌ಗಳು ಗಂಟೆ ಎಷ್ಟು ಎಂದು ನೆಟ್ ಅನ್ನೇ ಕೇಳಬೇಕು. ಪದೇ ಪದೇ ಕರೆಂಟ್ ಹೋಗುವ ಊರಲ್ಲಿ ಬೆಳಿಗ್ಗೆ ಐದಕ್ಕೆ ಗೀಸರ್ ಆನ್ ಎಂಬ ವೇಳಾಪಟ್ಟಿಯನ್ನು ನಂಬಬೇಡಿ. ಕರೆಂಟ್ ಬಂದಾಗ ಆಫ್ ಆಗಿಯೇ ಇರುವಂತೆ ಸೆಟ್ ಮಾಡಿ.

"ಇದೆಲ್ಲ ಮಾಲೀಕ ಮಾಡಬೇಕಾದ್ದು, ನಾವು ಯಾಕೆ ಖರ್ಚು ಮಾಡಬೇಕು?" ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲೂ, ಬೇರೆ ಒಪ್ಪಂದ ಇಲ್ಲದಿದ್ದರೆ ವೈರಿಂಗ್ ಮಾಲೀಕನ ಹೊಣೆ; ಸ್ವಿಚ್, ಸಾಕೆಟ್ ರಿಪೇರಿ ಬಾಡಿಗೆದಾರನದು. ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಅದು ಕಾನೂನು, ನಿಜ. ಆದರೆ ಗೆರೆ ಎಲ್ಲಿ ಎಳೆಯಬೇಕೆಂಬುದಕ್ಕೆ ಅದು ಸಾಕು. ಅರ್ತಿಂಗ್ ಮತ್ತು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮಾಲೀಕರನ್ನು ಕೇಳಿಯೇ ಪಡೆಯಬೇಕಾದವು. ಮೂರನೇ ಪಿನ್ನಿಗೆ ಅರ್ತ್ ಇಲ್ಲದ ಸಾಕೆಟ್‌ಗೆ ಸಾವಿರ ರೂಪಾಯಿಯ ಪ್ಲಗ್ ಹಾಕಿ ಗೀಸರ್ ಓಡಿಸುವುದು ಬುದ್ಧಿವಂತಿಕೆಯಲ್ಲ, ಜೀವದ ಜೊತೆ ಆಟ. ಮೊದಲು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ, ಆಮೇಲೆ ಉಳಿದದ್ದು.

ಅಡ್ವಾನ್ಸ್ ಕೊಡುವಾಗ ಪೇಂಟ್ ಯಾವ ಬಣ್ಣ ಎಂದು ಕೇಳುತ್ತೇವೆ. ಅರ್ತಿಂಗ್ ಇದೆಯೇ ಎಂದು ಕೇಳಲು ನಾಚಿಕೆ! ಬಾಡಿಗೆ ತಿಂಗಳು ತಿಂಗಳು ತಪ್ಪದೆ ಕೊಡುವವರು ನಾವು. ಸ್ವಂತ ಮನೆ ಅಲ್ಲಾಹನು ಕೊಟ್ಟಾಗ ಬರಲಿ. ಅಲ್ಲಿಯವರೆಗೆ ಉಮ್ಮ ಕತ್ತಲಲ್ಲಿ ನಡೆಯುವುದು ಬೇಡ.