ಪುರುಸೊತ್ತಿಲ್ಲದ ದುಡಿಮೆ ಯಾರ ಲಾಭಕ್ಕೆ?

ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದನಂತೆ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಎಷ್ಟು ಹೊತ್ತು ದುಡಿದೆ ಎಂದು ಆಕೆ ಕೇಳಲಿಲ್ಲ. ಏತಕ್ಕಾಗಿ ಎಂದು ಕೇಳಿದಳು. ಆ ಪ್ರಶ್ನೆಯನ್ನು ಇಂದು ಬೆಂಗಳೂರಿನ ಧಣಿಗಳ ಮುಂದಿಡಬೇಕಾಗಿದೆ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಅಪ್ಪಣೆ ಕೊಡಿಸಿದರು. ಸರ್ಕಾರವೂ ಹಿಂದೆ ಬೀಳಲಿಲ್ಲ. ಅದೇ ವರ್ಷದ ಕಾರ್ಖಾನೆ ಕಾಯಿದೆಯ ತಿದ್ದುಪಡಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ, ದಿನಕ್ಕೆ 12 ಗಂಟೆಯ ಪಾಳಿಗೆ ಬಾಗಿಲು ತೆರೆಯಿತು. ಪೀಣ್ಯದ ಕಾರ್ಮಿಕನ ಪಾಲಿಗೆ ಬಂದದ್ದು ಇದು. 2025ರ ಜೂನಿನಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ನೌಕರರ ಸರದಿ. ದಿನದ ದುಡಿಮೆ 9ರಿಂದ 10 ಗಂಟೆಗೆ, ಓವರ್‌ಟೈಮ್ ಸೇರಿ 12ಕ್ಕೆ, ಮೂರು ತಿಂಗಳ ಓವರ್‌ಟೈಮ್ ಮಿತಿ 50ರಿಂದ 144 ಗಂಟೆಗೆ ಏರಲಿ ಎಂಬ ಪ್ರಸ್ತಾಪ ಬಂತು. 144 ಗಂಟೆ ಎಂದರೆ ಎಂಟು ಗಂಟೆಯ 18 ದಿನಗಳು! ಮೂರು ಪಾಳಿ ಎರಡಾದರೆ ಮೂರರಲ್ಲೊಬ್ಬನ ಅನ್ನ ಹೋಗುತ್ತದೆ ಎಂದು ಐಟಿ ನೌಕರರ ಸಂಘ ಎಚ್ಚರಿಸಿತು.

ದೇಶ ಕಟ್ಟುವಾಗ ಗಂಟೆ ಎಣಿಸಬಾರದೆಂದು ಈ ಮಹಾಶಯರು ಉಪದೇಶಿಸುತ್ತಾರೆ. ಮಗುವಿಗೆ ಪಾಠ ಹೇಳುವುದು, ಬಡಾವಣೆಯ ನೀರಿಗಾಗಿ ನೆರೆಯವರೊಡನೆ ಸಭೆ ಸೇರುವುದು, ಒಂದು ಪುಸ್ತಕ ಓದಿ ಚರ್ಚಿಸುವುದು ದೇಶ ಕಟ್ಟುವ ಕೆಲಸವಲ್ಲವೆ? 1886ರಲ್ಲಿ ಷಿಕಾಗೋ ಕಾರ್ಮಿಕರು ಎಂಟು ಗಂಟೆಯ ದಿನಕ್ಕಾಗಿ ಬೀದಿಗಿಳಿದದ್ದು ಸೋಮಾರಿತನಕ್ಕಲ್ಲ. ದುಡಿಮೆ ನಿದ್ದೆಗಳನ್ನು ಕಳೆದು ಉಳಿದ ಹೊತ್ತು ತಮ್ಮದಾಗಲಿ ಎಂದು.

ಮೆಟ್ರೋ 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂತು. ಜನರ ತೆರಿಗೆಯ ಹಣ ಅದಕ್ಕೆ ಸುರಿದಿದೆ. ದಾರಿಯಲ್ಲಿ ಉಳಿದ ಅರ್ಧ ಗಂಟೆ ಮನೆಗೆ ಸಲ್ಲಬೇಕೋ, ಮಾಲೀಕನ ಲೆಕ್ಕಕ್ಕೆ ಜಮೆಯಾಗಬೇಕೋ?

ನೌಕರ ಬಂಧುಗಳಿಗೂ ಒಂದು ಮಾತು. "ಪುರುಸೊತ್ತೇ ಇಲ್ಲ" ಎನ್ನುವುದನ್ನು ಪದವಿಯಂತೆ ಹೇಳಿಕೊಳ್ಳುವ ಚಾಳಿ ನಮ್ಮಲ್ಲಿ ಬೆಳೆದಿದೆ. ಗಾಣದ ಎತ್ತಿಗೂ ಪುರುಸೊತ್ತಿಲ್ಲ. ಎಣ್ಣೆ ಯಾರದೆಂದು ಅದಕ್ಕೆ ತಿಳಿಯದು. ನಿಮಗೆ ತಿಳಿಯಬೇಕು. ಬೆಳಗ್ಗೆ ಬೇಗ ಏಳಿ, ಸಮಯ ಹೊಂದಿಸಿಕೊಳ್ಳಿ ಎಂಬ ಬೋಧನೆಯಿಂದ ಇದು ತೀರದು. ಗಂಟೆ ಕದಿಯುವವನ ಕೈ ಹಿಡಿಯಲು ಕಾನೂನು ಬೇಕು, ಕಾನೂನನ್ನು ಕಾಯಲು ಸಂಘ ಬೇಕು.

2024ರ ಜೂನಿನಲ್ಲಿ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯೀ ಆದೇಶಗಳ ಕಾಯಿದೆಯಿಂದ ಇನ್ನೂ ಐದು ವರ್ಷ ವಿನಾಯಿತಿ ನೀಡಿತು. ಇಂಥ ವಿನಾಯಿತಿಗಳು ಕೊನೆಗೊಳ್ಳಲಿ. ಎಂಟು ಗಂಟೆ ಮೀರಿದ ದುಡಿಮೆಯನ್ನು ಪೀಣ್ಯದ ಲೇತ್ ಕಾರ್ಮಿಕನೂ ವೈಟ್‌ಫೀಲ್ಡಿನ ಎಂಜಿನಿಯರನೂ ಒಟ್ಟಾಗಿ ನಿರಾಕರಿಸಲಿ. ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಅವರೇ ನಿರ್ಧರಿಸಲಿ. ಸ್ವಾತಂತ್ರ್ಯವೆಂದರೆ ಅದೇ.