ಗೋಡೆಯ ಮೇಲೆ ದಾನ, ಗಲ್ಲದ ಮುಂದೆ ಅವಮಾನ!

ಬೆಂಗಳೂರಿನ ದೊಡ್ಡ ದೊಡ್ಡ ಕಾಫಿ ಅಂಗಡಿಗಳ ಗೋಡೆ ನೋಡಿ. ಗಿಡ ನೆಟ್ಟ ಚಿತ್ರ, ಶಾಲೆಯ ಮಕ್ಕಳಿಗೆ ಪುಸ್ತಕ ಹಂಚಿದ ಚಿತ್ರ. ನೋಡಿದ ಗಿರಾಕಿಯ ಮನಸ್ಸು ಕರಗುತ್ತದೆ. ಲೋಟಕ್ಕೆ ಇನ್ನೂರು ರೂಪಾಯಿ ತೆತ್ತರೂ 'ಹೋಗಲಿ, ಒಳ್ಳೆಯ ಕೆಲಸಕ್ಕೆ ತಾನೇ' ಎಂಬ ಸಮಾಧಾನ. ಈ ಸಮಾಧಾನವೇ ಅವರ ಬಂಡವಾಳ!

ಕನ್ನಡಿಗರೇ, ದೊಡ್ಡ ಕಂಪನಿಗಳ ಮಟ್ಟಿಗೆ ಇದು ದಾನವಲ್ಲ, ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವರ್ಷಕ್ಕೆ 5 ಕೋಟಿ ರೂ. ನಿವ್ವಳ ಲಾಭ ಮಾಡುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ತಾನಿರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಂ ಹೇಳುತ್ತದೆ. ಸರಿ, ಶೇ. 2ರ ಲೆಕ್ಕ ಗೋಡೆಯ ಮೇಲಿದೆ. ಉಳಿದ ಶೇ. 98ನ್ನು ಹೇಗೆ ದುಡಿದಿರಿ ಎಂದು ಕೇಳುವವರು ಯಾರು?

ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದ ನಮ್ಮ ಮಣ್ಣಿನಲ್ಲಿ. ಬೀಜ ನಮ್ಮದು, ನೀರು ನಮ್ಮದು, ಕಾಸೂ ನಮ್ಮದು. ಆದರೆ 'ಒಂದು ಕಾಫಿ ಕೊಡಿ' ಎಂದರೆ ಎಷ್ಟೋ ಕಡೆ ಉತ್ತರ ಹಿಂದಿಯಲ್ಲಿ! ಹೊಟ್ಟೆಪಾಡಿಗೆ ಬಂದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ನಾಲ್ಕು ಮಾತು ಕನ್ನಡ ಕಲಿಸದ, ಊರಿನ ಹುಡುಗರಿಗೆ ಕೆಲಸ ಕೊಡದ ಮಾಲೀಕನ ಮೇಲೆ ಸಿಟ್ಟು. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ಅದಕ್ಕೂ 2023ರ ಡಿಸೆಂಬರ್‌ನಲ್ಲಿ ಕನ್ನಡಿಗರು ಬೀದಿಗಿಳಿಯಬೇಕಾಯಿತು!

ಅಚ್ಚುಕೂಟ ನಡೆಸುವ ನನಗೆ ಇವರ ಜಾಣತನ ಗೊತ್ತು. ನವೆಂಬರ್‌ನಲ್ಲಿ ರಾಜ್ಯೋತ್ಸವದ ಶುಭಾಶಯ ಕನ್ನಡದಲ್ಲಿ ಅಚ್ಚಾಗುತ್ತದೆ. ವರ್ಷವಿಡೀ ಮೇಜಿನ ಮೇಲಿರುವ ತಿಂಡಿಪಟ್ಟಿ ಮಾತ್ರ ಇಂಗ್ಲಿಷಿನಲ್ಲಿ. ಎರಡಕ್ಕೂ ಬೇಕಾದದ್ದು ಅದೇ ಕಾಗದ, ಅದೇ ಮಸಿ. ಇಲ್ಲದ್ದು ಮನಸ್ಸು. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂದರೆ ಇದೇ.

ನಿಜವಾದ ಹೊಣೆಗಾರಿಕೆ ನೋಡಬೇಕೇ? 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಹೊರಟಾಗ, ಬೀದಿಗೆ ಬಿದ್ದ ನೌಕರರು ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು ಆ ವರ್ಷದ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಲೋಟ ತಂದಿಡುವವನೇ ಅಲ್ಲಿ ಪಾಲುದಾರ. 2009ರಲ್ಲಿ ಇಂಡಿಯಾ ಕಾಫಿ ಹೌಸ್ ಮಹಾತ್ಮ ಗಾಂಧಿ ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋದರೆ ಜನ ಹಿಂದೆಯೇ ಹೋದರು. ಅದು ಗೋಡೆಯ ಚಿತ್ರ ನೋಡಿ ಹುಟ್ಟಿದ ಪ್ರೀತಿಯಲ್ಲ.

ಗಿಡ ನೆಡಲಿ, ಪುಸ್ತಕ ಹಂಚಲಿ, ಬೇಡ ಎನ್ನುವುದಿಲ್ಲ. ಆದರೆ ಕಾಸು ಎಣಿಸುವ ಮುಂಚೆ ಮೂರು ಪ್ರಶ್ನೆ ಕೇಳಿ: ತಿಂಡಿಪಟ್ಟಿ ಕನ್ನಡದಲ್ಲಿದೆಯೇ? ಕೆಲಸ ಕನ್ನಡಿಗರಿಗಿದೆಯೇ? ಬೀಜ ಯಾವ ತೋಟದ್ದು, ಬೆಳೆದವನಿಗೆ ಸಿಕ್ಕಿದ್ದೆಷ್ಟು? ಉತ್ತರ ಕೊಟ್ಟ ಅಂಗಡಿಗೆ ನಾಳೆಯೂ ಹೋಗಿ, ನಾಲ್ಕು ಜನಕ್ಕೆ ಹೇಳಿ. ಮುಖ ತಿರುಗಿಸಿದರೆ ಲೋಟ ಅಲ್ಲೇ ಇಟ್ಟು ಎದ್ದು ಬನ್ನಿ. ಪಕ್ಕದ ಬೀದಿಯಲ್ಲಿ ದರ್ಶಿನಿ ಇದೆ!