ಮಳೆಗೂ ಜ್ವರಕ್ಕೂ ನಡುವೆ ಮೂರು ವಾರ

ಮುಂಗಾರುಪೂರ್ವ ಮಳೆ ಬಿದ್ದೊಡನೆ ರೈತರು ಹೊಲ ಹದ ಮಾಡಲು ಹೊರಡುತ್ತಾರೆ. ಆರೋಗ್ಯ ಇಲಾಖೆ, ಪಾಲಿಕೆ, ಪಂಚಾಯಿತಿಗಳೂ ಅದೇ ಮಳೆಗೆ ಕೆಲಸಕ್ಕಿಳಿಯಬೇಕು. ಡೆಂಗಿ ಹೇಳದೆ ಕೇಳದೆ ಬರುವ ಕಾಯಿಲೆಯಲ್ಲ. ಬರುವ ಮುಂಚೆ ಹವಾಮಾನ ಅದರ ಸುಳಿವು ಕೊಡುತ್ತದೆ.

2024ರ ಬೇಸಿಗೆಯನ್ನು ನೆನೆಯೋಣ. ಮಾರ್ಚ್‌ನಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ಬಂದಾಗ ಸಿಕ್ಕಷ್ಟು ನೀರನ್ನು ಜನ ಡ್ರಮ್ಮು, ಬಕೆಟ್ಟು, ಬಿಂದಿಗೆಗಳಲ್ಲಿ ತುಂಬಿಟ್ಟುಕೊಂಡರು. ಏಪ್ರಿಲ್ 28ರಂದು ತಾಪಮಾನ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ ಮಟ್ಟಿಗೆ 133 ವರ್ಷಗಳ ದಾಖಲೆ ಮುರಿಯಿತು. ಜುಲೈನಲ್ಲಿ ಆಸ್ಪತ್ರೆಗಳ ಮುಂದೆ ಜ್ವರದವರ ಸಾಲು. ವರ್ಷ ಮುಗಿಯುವಷ್ಟರಲ್ಲಿ ರಾಜ್ಯದ ಡೆಂಗಿ ಪ್ರಕರಣಗಳು 30 ಸಾವಿರ ದಾಟಿದ್ದವು. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಪಡಿಸುವ ಅಧಿಸೂಚನೆ ಬಂದಾಗ ಆಗಸ್ಟ್ ಮುಗಿದಿತ್ತು. ಜ್ವರ ಹಬ್ಬಲು ಹವಾಮಾನವೊಂದೇ ಕಾರಣವಲ್ಲ, ವೈರಸ್‌ನ ಬಗೆ ಮತ್ತು ಜನರ ರೋಗನಿರೋಧಕ ಶಕ್ತಿಯೂ ಲೆಕ್ಕಕ್ಕೆ ಬರುತ್ತವೆ. ಆದರೆ ಮೊದಲೇ ಕಣ್ಣಿಗೆ ಬೀಳುವುದು ಹವಾಮಾನವೇ.

ಮನೆಯ ಹಿಂದಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ. ನೀರಿನ ಮಟ್ಟಕ್ಕೆ ತುಸು ಮೇಲೆ, ಒಳಗೋಡೆಗೆ ಮಸಿಯ ಚುಕ್ಕೆಗಳಂತೆ ಅಂಟಿಕೊಂಡಿರುವುದು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು. ನೀರು ಚೆಲ್ಲಿದರೂ ಅವು ಸಾಯುವುದಿಲ್ಲ, ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತವೆ. ಮತ್ತೆ ನೀರು ಅಲ್ಲಿಗೇರಿದರೆ ಮರಿಯಾಗುತ್ತವೆ. ಬೆಚ್ಚಗಿನ ದಿನಗಳಲ್ಲಿ ಎಂಟು–ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. ಅದು ಡೆಂಗಿ ರೋಗಿಯನ್ನು ಕಚ್ಚಿದ ಮೇಲೆ, ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿ ಸೇರಲು 25ರಿಂದ 28 ಡಿಗ್ರಿಯಲ್ಲಿ ಎಂಟರಿಂದ ಹನ್ನೆರಡು ದಿನ ಬೇಕು. ಕಚ್ಚಿಸಿಕೊಂಡ ಮನುಷ್ಯನಿಗೆ ಜ್ವರ ಕಾಣಿಸಲು ಇನ್ನೂ ನಾಲ್ಕರಿಂದ ಹತ್ತು ದಿನ. ಎಲ್ಲ ಕೂಡಿದರೆ ಮಳೆಗೂ ಜ್ವರಕ್ಕೂ ನಡುವೆ ಕಡಿಮೆಯೆಂದರೂ ಸುಮಾರು ಮೂರು ವಾರ. ನಮ್ಮ ಕೈಯಲ್ಲಿರುವ ಕಾಲ ಇದು.

ಬಿಸಿಲೇರಿದಂತೆ ಈ ಲೆಕ್ಕ ಕುಗ್ಗುತ್ತದೆ. ಸೊಳ್ಳೆಯ ಆಯಸ್ಸೇ ಕೆಲವು ವಾರ, ಅದರಲ್ಲಿ ವೈರಸ್ ನಾಲ್ಕು ದಿನ ಮುಂಚೆ ಸಿದ್ಧವಾದರೆ ಅಷ್ಟು ಹೆಚ್ಚು ಜನರಿಗೆ ರೋಗ ದಾಟುತ್ತದೆ. ಡೆಂಗಿ ಹರಡಲು ಸುಮಾರು 29 ಡಿಗ್ರಿ ಅತ್ಯಂತ ಅನುಕೂಲ. ಅದಕ್ಕಿಂತ ತೀರಾ ಹೆಚ್ಚಾದರೆ ಸೊಳ್ಳೆಗೂ ಕಷ್ಟ. ಮಳೆಯ ಅಬ್ಬರಕ್ಕಿಂತ ಅದು ಬೀಳುವ ರೀತಿ ಮುಖ್ಯ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನ, ಆ ನಗರದ ಡೆಂಗಿ ಸಾವುಗಳನ್ನು ಮುಂಗಾರಿನ ಜೊತೆ ಇಟ್ಟು ನೋಡಿತು. 27 ಡಿಗ್ರಿ ಮೀರಿದ ಸೆಕೆ, ಹದವಾಗಿ ಹಂಚಿ ಬೀಳುವ ಮಳೆ, ಶೇಕಡ 60ರಿಂದ 78ರಷ್ಟು ತೇವಾಂಶ ಕೂಡಿದಾಗ ಅಪಾಯ ಹೆಚ್ಚು. ವಾರಕ್ಕೆ 150 ಮಿ.ಮೀ. ಮೀರಿ ಸುರಿದರೆ ಮೊಟ್ಟೆ–ಮರಿಗಳು ಕೊಚ್ಚಿಹೋಗುತ್ತವೆ. ಈ ಲಕ್ಷಣಗಳಿಂದ ಎರಡು ತಿಂಗಳಿಗೂ ಮೊದಲೇ ಎಚ್ಚರಿಕೆ ಕೊಡಬಹುದೆಂದು ಅವರು ತೋರಿಸಿದ್ದಾರೆ.

ಕರ್ನಾಟಕಕ್ಕೆ ಇದು ಕೈಗೆಟುಕದ ಮಾತೇನಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಫೋನ್ ಮಾಡಿದ ರೈತರಿಗೆ ‘ವರುಣಮಿತ್ರ’ ಮಳೆಯ ಮುನ್ಸೂಚನೆ ಹೇಳುತ್ತದೆ. ಆ ಮಾಹಿತಿ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೂ ಪ್ರತಿ ವಾರ ಬರಬೇಕು. ಆಶಾ ಕಾರ್ಯಕರ್ತೆಯರ ಲಾರ್ವಾ ಸಮೀಕ್ಷೆಯ ಅಂಕಿಗಳ ಪಕ್ಕದಲ್ಲಿ ಅದನ್ನಿಟ್ಟು, ಯಾವ ವಾರ್ಡಿಗೆ, ಯಾವ ಹಳ್ಳಿಗೆ ಮೊದಲು ಹೋಗಬೇಕೆಂದು ತೀರ್ಮಾನಿಸಬೇಕು. ವಾರ್ಡುವಾರು ಲೆಕ್ಕ ಜನರಿಗೂ ಸಿಗಬೇಕು.

ನೀರಿನ ಬರವನ್ನೂ ಡೆಂಗಿಯ ಮುನ್ಸೂಚನೆಯೆಂದೇ ಎಣಿಸಬೇಕು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಿಟ್ಟರೆ ಜನ ತುಂಬಿಡದೆ ಇನ್ನೇನು ಮಾಡಿಯಾರು? ಅವರಿಗೆ ದಂಡ ಹಾಕುವ ಮೊದಲು ಭದ್ರವಾದ ಮುಚ್ಚಳ, ಬಲೆ ಒದಗಿಸುವುದು ಆಡಳಿತದ ಹೊಣೆ. ಕಟ್ಟಡ ಕಾಮಗಾರಿಯ ತೊಟ್ಟಿಗಳನ್ನು, ಟೈರ್ ರಾಶಿಗಳನ್ನು, ಮಲೆನಾಡು–ಕರಾವಳಿಯ ತೋಟಗಳಲ್ಲಿ ನೀರು ನಿಲ್ಲುವ ಅಡಕೆ ಹಾಳೆ, ಗೆರಟೆಗಳನ್ನು ಮಳೆಗೆ ಮುನ್ನವೇ ತೆರವು ಮಾಡಿಸಬೇಕು. ಫಾಗಿಂಗ್ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಡ್ರಮ್ಮಿನ ಗೋಡೆಯ ಮೊಟ್ಟೆಯನ್ನು ಮುಟ್ಟುವುದಿಲ್ಲ. ಮನೆಯವರೂ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು, ಪಾತ್ರೆಗಳನ್ನು ಬರಿದು ಮಾಡಿ, ಒಳಗೋಡೆಯನ್ನು ನಾರಿನಿಂದ ಉಜ್ಜಿ ತೊಳೆದು ಒಣಗಿಸಬೇಕು.

ಆಸ್ಪತ್ರೆಯ ಹಾಸಿಗೆ ತುಂಬಿದ ಮೇಲೆ ಹೊರಡಿಸುವ ಎಚ್ಚರಿಕೆ ಮಗುವಿನ ಪ್ಲೇಟ್‌ಲೆಟ್ ಲೆಕ್ಕಕ್ಕೆ ಕಾದು ಕೂತ ತಾಯಿಗೆ ಯಾವ ಉಪಕಾರವನ್ನೂ ಮಾಡದು. ಆದೇಶ ಮೇ ತಿಂಗಳಲ್ಲೇ ಹೊರಡಲಿ. ಅದನ್ನು ಜಾರಿ ಮಾಡುವ ಹಣ, ಕೆಲಸಗಾರರು ಅದರ ಜೊತೆಗೇ ಹೊರಡಲಿ.